ಆಸ್ಪತ್ರೆ, ಕರೆಂಟು, ಸಾಲ: ಕಾನೂನು ಕೊಟ್ಟ ಹಕ್ಕನ್ನು ಪಡೆಯುವ ಕ್ರಮ

ಆಸ್ಪತ್ರೆಯ ಖರ್ಚು, ವಿದ್ಯುತ್ ಮತ್ತು ಸಾಲ, ಈ ಮೂರರಲ್ಲೂ ಕರ್ನಾಟಕದ ಜನರಿಗೆ ಕಾನೂನಿನ ರಕ್ಷಣೆ ಇದೆ. ಖಾಸಗಿ ಆಸ್ಪತ್ರೆಗಳ ಮೇಲೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. 2017ರಲ್ಲಿ ಅದಕ್ಕೆ ತಿದ್ದುಪಡಿ ಬಂತು. ವಿದ್ಯುತ್ತಿಗೆ ರಾಜ್ಯದ 1999ರ ವಿದ್ಯುಚ್ಛಕ್ತಿ ಸುಧಾರಣಾ ಕಾಯ್ದೆ, ಕೇಂದ್ರದ 2003ರ ವಿದ್ಯುಚ್ಛಕ್ತಿ ಕಾಯ್ದೆ ಇವೆ. ಸಾಲಕ್ಕೆ 1961ರ ಲೇವಾದೇವಿದಾರರ ಕಾಯ್ದೆಯ ಜೊತೆಗೆ, ಕಿರು ಸಾಲ ಮತ್ತು ಸಣ್ಣ ಸಾಲಗಳ ವಸೂಲಿಯಲ್ಲಿ ನಡೆಯುವ ಬಲಾತ್ಕಾರವನ್ನು ತಡೆಯಲು 2025ರಲ್ಲಿ ಹೊಸ ಕಾನೂನು ಬಂದಿದೆ.

ಕಾನೂನು ಇದ್ದರೂ ಮೂಡಿಗೆರೆ ತಾಲ್ಲೂಕಿನ ದೇವರಮನೆ ಸುತ್ತಿನ ಹಳ್ಳಿಗಳಲ್ಲಿ, ಕಳಸದ ಕಡೆಯ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಅದು ಕೆಲಸಕ್ಕೆ ಬರುವುದು ಅಪರೂಪ. ತಾಲ್ಲೂಕು ಕೇಂದ್ರಕ್ಕೆ ಒಮ್ಮೆ ಹೋಗಿಬಂದರೆ ಒಂದು ದಿನದ ಕೂಲಿ ಹೋಗುತ್ತದೆ. ಹೋದ ಕಚೇರಿಯಲ್ಲಿ ‘ಇದು ನಮ್ಮದಲ್ಲ’ ಎಂಬ ಉತ್ತರ ಬಂದರೆ ಎರಡನೇ ಸಲ ಹೋಗುವವರು ಕಡಿಮೆ. ಹಾಗಾಗಿ ಇಂಥ ಊರಿನವರಿಗೆ ಮೊದಲು ತಿಳಿದಿರಬೇಕಾದದ್ದು ಯಾವ ದೂರನ್ನು ಯಾವ ಕಚೇರಿಗೆ, ಯಾವ ರೂಪದಲ್ಲಿ ಕೊಡಬೇಕು ಎಂಬುದು.

ಬರಹದ ಅರ್ಜಿಯೇ ಏಕೆ

ಈ ಕಾನೂನುಗಳಲ್ಲೆಲ್ಲ ಅಧಿಕಾರಿಯನ್ನು ಕಟ್ಟಿಹಾಕುವುದು ದಿನದ ಲೆಕ್ಕ. ಇಷ್ಟು ದಿನದೊಳಗೆ ಸಂಪರ್ಕ ಕೊಡಬೇಕು, ಇಷ್ಟು ದಿನ ಮೊದಲು ನೋಟಿಸ್ ಕೊಡಬೇಕು, ಇಷ್ಟು ದಿನ ಉತ್ತರ ಬರದಿದ್ದರೆ ಮೇಲಿನವರಿಗೆ ಹೋಗಬಹುದು ಎಂದು ಕಾನೂನು ಹೇಳುತ್ತದೆ. ಲೈನ್‌ಮನ್‌ಗೆ ದಾರಿಯಲ್ಲಿ ಹೇಳಿದ ಮಾತಿಗಾಗಲೀ ಆಸ್ಪತ್ರೆಯ ಕೌಂಟರಿನಲ್ಲಿ ಆಡಿದ ಜಗಳಕ್ಕಾಗಲೀ ತಾರೀಖು ಇರುವುದಿಲ್ಲ, ಆದ್ದರಿಂದ ಅವುಗಳಿಂದ ಈ ಲೆಕ್ಕ ಶುರುವಾಗುವುದೇ ಇಲ್ಲ. ಸೀಲು ಬಿದ್ದ ಪ್ರತಿ, ಡಾಕೆಟ್ ಸಂಖ್ಯೆ ಅಥವಾ ಸಕಾಲ ಸಂಖ್ಯೆ ಕೈಗೆ ಬಂದ ದಿನದಿಂದ ಅದು ಶುರುವಾಗುತ್ತದೆ.

ರಾಜ್ಯದ 2011ರ ಸಕಾಲ ಕಾಯ್ದೆ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಪಟ್ಟಿಯಲ್ಲಿರುವ ಸೇವೆಗೆ ಅರ್ಜಿ ಕೊಟ್ಟಾಗ ಜಿಎಸ್‌ಸಿ ಸಂಖ್ಯೆ, ಅಂದರೆ ಸಕಾಲ ಸಂಖ್ಯೆ, ಇರುವ ಸ್ವೀಕೃತಿ ಕೊಡಬೇಕು. ಗಡುವು ಮೀರಿದರೆ ಅರ್ಜಿದಾರರು ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. ಮೊತ್ತ ಚಿಕ್ಕದು. ಆದರೆ ತಡ ಮಾಡಿದ ಅಧಿಕಾರಿಯ ಹೆಸರು ದಾಖಲೆಗೆ ಬರುತ್ತದೆ, ಕಚೇರಿಗಳು ಚುರುಕಾಗುವುದು ಆ ಕಾರಣಕ್ಕೆ.

ಆಸ್ಪತ್ರೆ: ಮೊದಲು ರೆಫರಲ್, ಆಮೇಲೆ ಬಸ್ಸು

ಆರೋಗ್ಯ ಕರ್ನಾಟಕ ಯೋಜನೆ 2018ರ ಮಾರ್ಚ್‌ನಲ್ಲಿ ಆರಂಭವಾಗಿ, ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿತು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದನ್ನು ನಡೆಸುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟನ್ನು ಮಾತ್ರ ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ 1.5 ಲಕ್ಷ ರೂಪಾಯಿಯ ಮಿತಿಯಲ್ಲಿ. ಉಳಿದ ಶೇ 70 ರೋಗಿಯದೇ.

ಮೂಡಿಗೆರೆಯ ಕಡೆಯವರು ದೊಡ್ಡ ಕಾಯಿಲೆ ಬಂದರೆ ಹಾಸನಕ್ಕೋ, ಚಾರ್ಮಾಡಿ ಇಳಿದು ಮಂಗಳೂರಿಗೋ ನೇರವಾಗಿ ಹೋಗುವುದು ರೂಢಿ. ಯೋಜನೆಯ ಲಾಭ ಕೈತಪ್ಪುವುದು ಹೆಚ್ಚಾಗಿ ಇಲ್ಲೇ. ಚಿಕಿತ್ಸೆಯನ್ನು ಮೊದಲು ಸರ್ಕಾರಿ ಆಸ್ಪತ್ರೆ ಮಾಡಬೇಕು, ಅಲ್ಲಿ ಸೌಲಭ್ಯ ಇಲ್ಲದಿದ್ದರೆ ಮಾತ್ರ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಕಳಿಸಬೇಕು ಎಂಬ ತತ್ವದ ಮೇಲೆ ಯೋಜನೆ ನಿಂತಿದೆ. ಸರ್ಕಾರಿ ವೈದ್ಯರ ರೆಫರಲ್ ಪತ್ರವಿಲ್ಲದೆ ಮುಂಚೆಯೇ ನಿಗದಿಯಾದ ಶಸ್ತ್ರಚಿಕಿತ್ಸೆಗೆ ಖಾಸಗಿ ಆಸ್ಪತ್ರೆ ಸೇರಿದರೆ ಹಣ ಮಂಜೂರಾಗುವುದಿಲ್ಲ. ತುರ್ತು ಚಿಕಿತ್ಸೆಯ ಪಟ್ಟಿಗೆ ಈ ಷರತ್ತು ಇಲ್ಲ. 2018ರ ಪಟ್ಟಿಯಲ್ಲಿದ್ದ 1650 ಚಿಕಿತ್ಸೆಗಳಲ್ಲಿ 169 ತುರ್ತು ವರ್ಗಕ್ಕೆ ಸೇರಿದ್ದವು. ಅಂಥ ಸಂದರ್ಭದಲ್ಲಿ ನೋಂದಾಯಿತ ಆಸ್ಪತ್ರೆಗೆ ನೇರವಾಗಿ ಹೋಗಬಹುದು.

ಅನುಸರಿಸಬೇಕಾದ ಕ್ರಮ ಹೀಗಿದೆ:

1. ರೇಷನ್ ಕಾರ್ಡ್ ಮತ್ತು ಮನೆಯವರೆಲ್ಲರ ಆಧಾರ್‌ನಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ಆರೋಗ್ಯವಾಗಿರುವಾಗಲೇ ನೋಡಿಕೊಳ್ಳಬೇಕು. ಮದುವೆಯಾಗಿ ಬಂದ ಸೊಸೆಯ ಹೆಸರು, ಹುಟ್ಟಿದ ಮಗುವಿನ ಹೆಸರು ಕಾರ್ಡಿಗೆ ಸೇರದೆ ಉಳಿದಿದ್ದರೆ ದಾಖಲಾಗುವ ಹೊತ್ತಿಗೆ ತೊಂದರೆಯಾಗುತ್ತದೆ.
2. ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಬೇಕು. ಅಲ್ಲಿ ಆಗದು ಎಂದರೆ ರೆಫರಲ್ ಪತ್ರ ಕೇಳಿ ಪಡೆಯಬೇಕು. ಪತ್ರದಲ್ಲಿ ಕಾಯಿಲೆಯ ಹೆಸರು, ತಾರೀಖು, ಸೀಲು ಇರಲೇಬೇಕು.
3. ಹೋಗುವ ಆಸ್ಪತ್ರೆ ಯೋಜನೆಯಲ್ಲಿದೆಯೇ, ಆ ಚಿಕಿತ್ಸೆಗೇ ನೋಂದಾಯಿಸಿಕೊಂಡಿದೆಯೇ ಎಂಬುದನ್ನು 104 ಆರೋಗ್ಯ ಸಹಾಯವಾಣಿಯಲ್ಲಿ ವಿಚಾರಿಸಬೇಕು. ಹೃದಯದ ಚಿಕಿತ್ಸೆಗೆ ಇರುವ ಆಸ್ಪತ್ರೆ ಮೂಳೆಯ ಚಿಕಿತ್ಸೆಗೂ ಇರುತ್ತದೆಂದೇನಿಲ್ಲ.
4. ಅಲ್ಲಿ ಮೊದಲು ಕಾಣಬೇಕಾದವರು ಯೋಜನೆಯ ಸಹಾಯಕರಾದ ಆರೋಗ್ಯಮಿತ್ರ. ಚಿಕಿತ್ಸೆಗೆ ಪೂರ್ವಾನುಮತಿ ಕೇಳುವುದು ಅವರ ಮೂಲಕ. ಅನುಮತಿ ಬರುವ ಮುನ್ನ ‘ಸದ್ಯಕ್ಕೆ ಹಣ ಕಟ್ಟಿ, ಆಮೇಲೆ ವಾಪಸ್’ ಎಂದರೆ ಒಪ್ಪಬಾರದು. ಕಟ್ಟಲೇಬೇಕಾಗಿ ಬಂದರೆ ರಸೀದಿ ಪಡೆಯಬೇಕು.
5. ಬಿಪಿಎಲ್ ರೋಗಿಯಿಂದ ಪ್ಯಾಕೇಜಿನೊಳಗಿನ ಚಿಕಿತ್ಸೆಗೆ ಹಣ ಕೇಳಿದರೆ 104ಕ್ಕೂ ಜಿಲ್ಲಾ ಆರೋಗ್ಯಾಧಿಕಾರಿಗೂ ದೂರು ಕೊಡಬೇಕು. ಬಿಲ್ಲು, ರಸೀದಿ, ಡಿಸ್ಚಾರ್ಜ್ ಸಾರಾಂಶದ ಪ್ರತಿಗಳನ್ನು ದೂರಿಗೆ ಲಗತ್ತಿಸಬೇಕು.

ಸಣ್ಣ, ಮಧ್ಯಮ ಬೆಳೆಗಾರರ ಕಷ್ಟ ಬೇರೆ ತರಹದ್ದು. ಜಮೀನಿನ ಕಾರಣಕ್ಕೆ ಬಿಪಿಎಲ್ ಕಾರ್ಡ್ ಸಿಗುವುದಿಲ್ಲ, ಶೇ 30ರ ನೆರವು ದೊಡ್ಡ ಶಸ್ತ್ರಚಿಕಿತ್ಸೆಗೆ ಸಾಲುವುದಿಲ್ಲ. ಅವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಯಶಸ್ವಿನಿ. 2003ರಲ್ಲಿ ಜಾರಿಗೆ ಬಂದ ಈ ಸಹಕಾರಿ ಆರೋಗ್ಯ ಯೋಜನೆಯನ್ನು 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನ ಮಾಡಲಾಗಿತ್ತು. 2022ರ ನವೆಂಬರ್‌ನಲ್ಲಿ ಮತ್ತೆ ನೋಂದಣಿ ಆರಂಭಿಸಿ, 2023ರ ಜನವರಿಯಿಂದ ಚಿಕಿತ್ಸೆ ಕೊಡಲಾಯಿತು. ಆಗ ಗ್ರಾಮೀಣ ಸಹಕಾರ ಸಂಘದ ಸದಸ್ಯರ ನಾಲ್ವರ ಕುಟುಂಬಕ್ಕೆ ವರ್ಷದ ವಂತಿಗೆ 500 ರೂಪಾಯಿ, ಚಿಕಿತ್ಸೆಯ ಮಿತಿ ಕುಟುಂಬಕ್ಕೆ 5 ಲಕ್ಷ. ಆಯಾ ವರ್ಷದ ವಂತಿಗೆಯನ್ನೂ ಕೊನೆಯ ದಿನವನ್ನೂ ತಮ್ಮ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲೇ ಕೇಳಿ ತಿಳಿಯಬೇಕು. ನೋಂದಣಿಗೆ ಅವಕಾಶ ಇರುವುದು ವರ್ಷದ ಕೆಲವು ತಿಂಗಳು ಮಾತ್ರ. ಅದು ಕಾಫಿ ಕೊಯ್ಲಿನ ಗಡಿಬಿಡಿಯ ಕಾಲವೂ ಆಗಿರುವುದರಿಂದ ಎಷ್ಟೋ ಕುಟುಂಬಗಳು ತಪ್ಪಿಸಿಕೊಳ್ಳುತ್ತವೆ. ಸಂಘಗಳು ಸದಸ್ಯರನ್ನು ತಾವೇ ಕರೆದು ನೆನಪಿಸುವುದು ಅಗತ್ಯ.

ಯಾವ ಯೋಜನೆಯಲ್ಲೂ ಹೆಸರಿಲ್ಲದವರಿಗೂ 2017ರ ತಿದ್ದುಪಡಿಯ ರಕ್ಷಣೆ ಇದೆ. ತುರ್ತು ಸ್ಥಿತಿಯಲ್ಲಿ ಬಂದ ರೋಗಿಗೆ ಮುಂಗಡ ಹಣ ಕಟ್ಟಿದರಷ್ಟೇ ಚಿಕಿತ್ಸೆ ಎಂದು ಖಾಸಗಿ ಆಸ್ಪತ್ರೆ ಹೇಳುವಂತಿಲ್ಲ. ರೋಗಿ ತೀರಿಕೊಂಡರೆ ಬಾಕಿ ಹಣದ ನೆಪದಲ್ಲಿ ಶವವನ್ನು ಇಟ್ಟುಕೊಳ್ಳುವಂತಿಲ್ಲ. ಬಾಕಿಯನ್ನು ಆಮೇಲೆ ವಸೂಲು ಮಾಡಿಕೊಳ್ಳಬಹುದು. ಇದರ ಬಗ್ಗೆ ದೂರು ಕೇಳಲು ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರ ಇದೆ. ದೂರು ಹೋಗಬೇಕಾದದ್ದು ಆಸ್ಪತ್ರೆ ಇರುವ ಜಿಲ್ಲೆಯ ಪ್ರಾಧಿಕಾರಕ್ಕೆ. ಮಂಗಳೂರಿನ ಆಸ್ಪತ್ರೆಯ ಮೇಲಿನ ದೂರನ್ನು ಚಿಕ್ಕಮಗಳೂರಿನಲ್ಲಿ ಕೊಟ್ಟರೆ ದಿನಗಳು ವ್ಯರ್ಥವಾಗುತ್ತವೆ.

ಕರೆಂಟು: ಬಿಲ್ಲು, ಸಂಪರ್ಕ, ಕಡಿತ

ಚಿಕ್ಕಮಗಳೂರು ಜಿಲ್ಲೆಗೆ ವಿದ್ಯುತ್ ಕೊಡುವುದು ಮೆಸ್ಕಾಂ. ಮಳೆಗಾಲದಲ್ಲಿ ಮರ ಬಿದ್ದು, ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟು ದಿನಗಟ್ಟಲೆ ಕತ್ತಲಾಗುವುದು ಈ ಗುಡ್ಡಗಳಿಗೆ ಹೊಸದಲ್ಲ. ಆದರೂ ದುರಸ್ತಿಗೆ ಗಡುವು ಇದೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಸೇವಾ ಗುಣಮಟ್ಟದ ನಿಯಮಗಳು ಗ್ರಾಮೀಣ ಭಾಗದಲ್ಲಿ ಫ್ಯೂಸ್ ದೋಷಕ್ಕೆ 24 ಗಂಟೆ, ಕೆಟ್ಟ ಟಿಸಿ ಬದಲಿಸಲು 72 ಗಂಟೆ ಎಂದು ನಿಗದಿ ಮಾಡಿವೆ. ಈ ಗಂಟೆಗಳ ಲೆಕ್ಕಕ್ಕೂ ದೂರು ದಾಖಲಾಗಿರಬೇಕು. 1912ಕ್ಕೆ ಕರೆ ಮಾಡಿ ಡಾಕೆಟ್ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ನೆಟ್‌ವರ್ಕ್ ಸಿಗದ ಊರಿನಲ್ಲಿ ಒಬ್ಬರು ಎತ್ತರದ ಜಾಗಕ್ಕೆ ಹೋಗಿ ಎಲ್ಲರ ಪರವಾಗಿ ಕರೆ ಮಾಡಿದರೂ ಸಾಕು. ತುಂಡಾಗಿ ಬಿದ್ದ ತಂತಿಯ ಹತ್ತಿರ ಮಾತ್ರ ಯಾರೂ ಹೋಗಬಾರದು, ದನ ಸಿಕ್ಕಿಕೊಂಡಿದ್ದರೂ ಬಿಡಿಸಲು ಹೋಗಬಾರದು. ಕರೆಂಟು ಹೋಗಿದೆ ಎಂದುಕೊಂಡ ತಂತಿಯಲ್ಲೇ ವಿದ್ಯುತ್ ಮತ್ತೆ ಹರಿಯಬಹುದು.

ಗೃಹಜ್ಯೋತಿಯ ಲೆಕ್ಕ ಅನೇಕರಿಗೆ ಗೊಂದಲ. ತಿಂಗಳಿಗೆ 200 ಯೂನಿಟ್ ಎಲ್ಲರಿಗೂ ಉಚಿತ ಎಂಬ ತಿಳಿವಳಿಕೆ ತಪ್ಪು. 2023ರ ಜುಲೈ ಬಳಕೆಯಿಂದ ಜಾರಿಯಾದ ಈ ಯೋಜನೆಯಲ್ಲಿ ಪ್ರತಿ ಮನೆಗೂ ಅದರದೇ ಮಿತಿ ಇದೆ: 2022–23ರ ತಿಂಗಳ ಸರಾಸರಿ ಬಳಕೆ, ಅದರ ಮೇಲೆ ಶೇ 10. ಸರಾಸರಿ 70 ಯೂನಿಟ್ ಇದ್ದ ಮನೆಗೆ ಮಿತಿ 77. ಆ ಮನೆಯವರು 90 ಯೂನಿಟ್ ಬಳಸಿದರೆ 13 ಯೂನಿಟ್‌ಗೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ 2024ರಿಂದ ಶೇ 10ರ ಬದಲು 10 ಯೂನಿಟ್ ಹೆಚ್ಚುವರಿ ಕೊಡಲಾಯಿತು. ಹಿಂದಿನ ಬಳಕೆಯ ದಾಖಲೆ ಇಲ್ಲದ ಹೊಸ ಮನೆಗಳಿಗೆ ಮಿತಿ 58 ಯೂನಿಟ್. ಯೋಜನೆ ಗೃಹಬಳಕೆಯ ಮೀಟರಿಗೆ ಮಾತ್ರ ಅನ್ವಯ. ಒಂದು ಆಧಾರ್‌ಗೆ ಒಂದೇ ಆರ್‌ಆರ್ ಸಂಖ್ಯೆ, ಅಂದರೆ ಬಿಲ್ಲಿನ ಮೇಲಿರುವ ಸಂಪರ್ಕ ಸಂಖ್ಯೆ. ಹಲವು ಲೈನ್ ಮನೆಗಳಿಗೆ ಸೇರಿ ಒಂದೇ ಮೀಟರ್ ಇದ್ದರೆ ಆ ಕಾರ್ಮಿಕರಿಗೆ ಲಾಭ ಸಿಗುವುದಿಲ್ಲ. ಪ್ರತ್ಯೇಕ ಮೀಟರಿಗೆ ತೋಟದ ಮಾಲೀಕರು ಒಪ್ಪಿಗೆ ಕೊಟ್ಟರೆ ಪ್ರತಿ ಕುಟುಂಬಕ್ಕೂ ಉಳಿತಾಯವಾಗುತ್ತದೆ. ಹಾಗೆಯೇ, ಕಾಫಿ ತೋಟದ ಪಂಪ್‌ಸೆಟ್ಟಿನ ದರದ ವರ್ಗ ಬೇರೆ ಬೆಳೆಗಳ ಕೃಷಿ ಪಂಪ್‌ಸೆಟ್ಟಿನದಲ್ಲ ಎಂಬುದನ್ನು ಸಂಪರ್ಕ ಕೇಳುವಾಗಲೇ ತಿಳಿದಿರಬೇಕು.

ತಕರಾರು ಬಂದಾಗ:

1. ಹೊಸ ಸಂಪರ್ಕದ ಅರ್ಜಿ ಪೂರ್ಣವಾಗಿದ್ದರೆ ಗ್ರಾಮೀಣ ಭಾಗದಲ್ಲಿ 15 ದಿನ, ಗುಡ್ಡಗಾಡಿನ ಗ್ರಾಮೀಣ ಪ್ರದೇಶದಲ್ಲಿ 30 ದಿನದೊಳಗೆ ಸಂಪರ್ಕ ಕೊಡಬೇಕೆಂದು ಕೇಂದ್ರದ ಗ್ರಾಹಕ ಹಕ್ಕುಗಳ ನಿಯಮಗಳು, 2024ರ ತಿದ್ದುಪಡಿಯ ನಂತರ, ಹೇಳುತ್ತವೆ. ದೇವರಮನೆಯಂಥ ಊರಿಗೆ 30 ದಿನ ಎಂದು ಲೆಕ್ಕ ಹಿಡಿಯುವುದು ಸರಿ.
2. ಮೀಟರ್ ಓಡುವುದು ಹೆಚ್ಚೆನಿಸಿದರೆ ಉಪವಿಭಾಗ ಕಚೇರಿಗೆ ಬರೆದುಕೊಡಬೇಕು. ಅದೇ ತಿದ್ದುಪಡಿಯ ಪ್ರಕಾರ ದೂರು ಬಂದ 5 ದಿನದೊಳಗೆ ಪರೀಕ್ಷೆಗೆ ಇನ್ನೊಂದು ಮೀಟರ್ ಹಾಕಿ, ಕನಿಷ್ಠ 3 ತಿಂಗಳು ಎರಡನ್ನೂ ತಾಳೆ ನೋಡಬೇಕು.
3. ಬಾಕಿಗಾಗಿ ಸಂಪರ್ಕ ಕಡಿಯುವ ಮುನ್ನ 15 ಪೂರ್ಣ ದಿನಗಳ ಲಿಖಿತ ನೋಟಿಸ್ ಕೊಡಲೇಬೇಕು. ಇದು 2003ರ ಕಾಯ್ದೆಯ 56ನೇ ಕಲಂ.
4. ಬಿಲ್ಲು ತಪ್ಪಾಗಿದೆ ಎಂದು ತಕರಾರು ಇದ್ದಾಗ ಬಿಲ್ಲನ್ನೇ ಕಟ್ಟದೆ ಕೂರಬಾರದು. ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿ, ಇವೆರಡರಲ್ಲಿ ಕಡಿಮೆ ಇರುವುದನ್ನು ‘ತಕರಾರಿನೊಂದಿಗೆ ಪಾವತಿ’ ಎಂದು ಬರೆದು ಕಟ್ಟಿದರೆ ವ್ಯಾಜ್ಯ ತೀರುವವರೆಗೆ ಸಂಪರ್ಕ ಕಡಿಯುವಂತಿಲ್ಲ. ಅದೇ ಕಲಮಿನಲ್ಲಿರುವ ಈ ಅವಕಾಶವನ್ನು ಬಳಸಿಕೊಳ್ಳುವವರು ಬಹಳ ಕಡಿಮೆ.
5. ಉಪವಿಭಾಗದಲ್ಲಿ ಪರಿಹಾರ ಸಿಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅಲ್ಲಿಯೂ ಆಗದಿದ್ದರೆ ವಿದ್ಯುತ್ ಒಂಬುಡ್ಸ್‌ಮನ್. ಮೊದಲ ಮೆಟ್ಟಿಲು ಹತ್ತದೆ ನೇರ ಒಂಬುಡ್ಸ್‌ಮನ್ ಬಳಿ ಹೋದರೆ ಅರ್ಜಿ ವಾಪಸ್ ಬರುತ್ತದೆ.

ಸಾಲ: ಕೊಟ್ಟವರು ಯಾರು ಎಂಬುದರ ಮೇಲೆ ಹಕ್ಕು

ಮೂರರಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಸಾಲದ ವಿಷಯದಲ್ಲಿ. ಮಳೆಗಾಲದಲ್ಲಿ ತೋಟದ ಕೆಲಸ ಕಡಿಮೆಯಾಗಿ ಕೂಲಿ ನಿಂತರೂ ವಾರದ ಕಂತು ನಿಲ್ಲುವುದಿಲ್ಲ. ಒಂದು ಕಿರು ಸಾಲ ಸಂಘದ ಕಂತು ತೀರಿಸಲು ಇನ್ನೊಂದರಲ್ಲಿ ಸಾಲ ಎತ್ತಿದ ಮನೆಗಳ ಬಾಗಿಲಿಗೆ ವಸೂಲಿಗಾರರು ಬಂದು ಕೂರುತ್ತಾರೆ. ರಾಜ್ಯದಲ್ಲಿ ಇಂಥ ಕಿರುಕುಳದಿಂದ ಜೀವ ಕಳೆದುಕೊಂಡವರ ಸುದ್ದಿ ಮೇಲಿಂದ ಮೇಲೆ ಬಂದಾಗ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಹೊರಟಿತು, ಮಾರ್ಚ್‌ನಲ್ಲಿ ವಿಧಾನಮಂಡಲ ಮಸೂದೆಗೆ ಒಪ್ಪಿಗೆ ಕೊಟ್ಟಿತು.

ಈ ಕಾನೂನಿನ ಪ್ರಕಾರ ಕಿರು ಸಾಲ ಕೊಡುವ ಸಂಸ್ಥೆ ಮತ್ತು ಲೇವಾದೇವಿದಾರರು ಜಿಲ್ಲಾಧಿಕಾರಿಯ ಬಳಿ ನೋಂದಣಿ ಮಾಡಿಸಬೇಕು, ಬಡ್ಡಿ ದರ ತಿಳಿಸಬೇಕು, ಅಡಮಾನ ಕೇಳಬಾರದು. ಬೆದರಿಕೆ, ಹಿಂಬಾಲಿಸುವುದು, ಮನೆಯವರಿಗೆ ಕಿರುಕುಳ ಎಲ್ಲವೂ ಅಪರಾಧ. ಶಿಕ್ಷೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ದೂರು ದಾಖಲಿಸಲು ಪೊಲೀಸರು ನಿರಾಕರಿಸುವಂತಿಲ್ಲ. ನೋಂದಣಿ, ಪರವಾನಗಿ ಯಾವುದೂ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ, ಬಡ್ಡಿ ಸಹಿತ, ತೀರಿದಂತೆಯೇ ಎಂದು ಕಾನೂನು ಹೇಳುತ್ತದೆ.

ಈ ಕೊನೆಯ ಮಾತು ಊರೂರಿಗೆ ಹಬ್ಬುವಾಗ ‘ಸಂಘದ ಸಾಲವೆಲ್ಲ ಮನ್ನಾ’ ಎಂದಾಗಿಬಿಟ್ಟಿದೆ. ಅದು ಅಪಾಯಕಾರಿ ತಪ್ಪು. ಬ್ಯಾಂಕು, ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಹಣಕಾಸು ಕಂಪನಿ, ಸಹಕಾರ ಸಂಘದ ಸಾಲ ಮನ್ನಾ ಆಗಿಲ್ಲ. ಕಂತು ನಿಲ್ಲಿಸಿದರೆ ಬಾಕಿ ಬೆಳೆಯುತ್ತದೆ, ಮುಂದೆ ಎಲ್ಲೂ ಸಾಲ ಹುಟ್ಟುವುದಿಲ್ಲ. ಆದ್ದರಿಂದ ಸಾಲಗಾರರು ಮೊದಲು ತಿಳಿಯಬೇಕಾದದ್ದು ಸಾಲ ಕೊಟ್ಟವರು ಯಾವ ಗುಂಪಿಗೆ ಸೇರಿದವರು ಎಂಬುದನ್ನು.

ರಿಸರ್ವ್ ಬ್ಯಾಂಕಿನ ಹಿಡಿತದಲ್ಲಿರುವವರಿಗೆ 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಕಿರುಸಾಲದ ನಿರ್ದೇಶನಗಳು ಅನ್ವಯ. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯ ಇರುವ ಕುಟುಂಬಕ್ಕೆ ಕೊಡುವ ಈ ಸಾಲಕ್ಕೆ ಅಡಮಾನ ಕೇಳುವಂತಿಲ್ಲ. ಎಲ್ಲ ಸಾಲಗಳ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ಮೀರಬಾರದು. ಅವಧಿಗೆ ಮುಂಚೆ ತೀರಿಸಿದರೆ ದಂಡವಿಲ್ಲ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡಿ ಪೀಡಿಸುವಂತಿಲ್ಲ. ವಸೂಲಿ ನಡೆಯಬೇಕಾದದ್ದು ಇಬ್ಬರೂ ಒಪ್ಪಿದ ಜಾಗದಲ್ಲಿ. ಸಾಲಗಾರರು ಅಲ್ಲಿಗೆ ಸತತ ಎರಡು ಅಥವಾ ಹೆಚ್ಚು ಸಲ ಬರದಿದ್ದರೆ ಮಾತ್ರ ಮನೆಗೆ ಬರಬಹುದು.

ಕೈಸಾಲದ ಬಡ್ಡಿಗೂ ಮಿತಿ ಇದೆ. 1961ರ ಕಾಯ್ದೆಯಡಿ ಸರ್ಕಾರ ನಿಗದಿ ಮಾಡಿದ ದರ ಅಡಮಾನ ಇರುವ ಸಾಲಕ್ಕೆ ವರ್ಷಕ್ಕೆ ಶೇ 14, ಇಲ್ಲದ ಸಾಲಕ್ಕೆ ಶೇ 16. ಶೇ 16 ಎಂದರೆ ತಿಂಗಳಿಗೆ ನೂರಕ್ಕೆ 1 ರೂಪಾಯಿ 33 ಪೈಸೆ. ‘ನೂರಕ್ಕೆ ಮೂರು’ ಎಂದು ಸಲೀಸಾಗಿ ಹೇಳುವ ಬಡ್ಡಿ ವರ್ಷಕ್ಕೆ ಶೇ 36 ಆಗುತ್ತದೆ. ಮಿತಿಮೀರಿದ ಬಡ್ಡಿ ವಸೂಲಿಯನ್ನು ತಡೆಯಲೆಂದೇ 2004ರಲ್ಲಿ ರಾಜ್ಯ ಬೇರೆ ಕಾಯ್ದೆಯನ್ನೂ ಮಾಡಿದೆ.

ಮಾಡಬೇಕಾದದ್ದು:

1. ಸಾಲದ ಕಾರ್ಡಿನಲ್ಲಿರುವ ಸಂಸ್ಥೆಯ ಪೂರ್ತಿ ಹೆಸರನ್ನು ರಿಸರ್ವ್ ಬ್ಯಾಂಕಿನ ಜಾಲತಾಣದ ಪಟ್ಟಿಯಲ್ಲಿ ಹುಡುಕಬೇಕು. ಮನೆಯ ಓದುವ ಮಕ್ಕಳು ಈ ಕೆಲಸ ಮಾಡಿಕೊಡಬಲ್ಲರು. ಕಾರ್ಡೇ ಕೊಟ್ಟಿಲ್ಲವೆಂದರೆ ಅದನ್ನು ಬರಹದಲ್ಲಿ ಕೇಳಬೇಕು.
2. ಪಟ್ಟಿಯಲ್ಲಿದ್ದರೆ ಮೊದಲ ದೂರು ಆ ಸಂಸ್ಥೆಗೇ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ಸಹಾಯವಾಣಿ 14448.
3. ಎಲ್ಲೂ ನೋಂದಣಿ ಇಲ್ಲದಿದ್ದರೆ ಜಿಲ್ಲಾಧಿಕಾರಿಗೆ ಲಿಖಿತ ದೂರು ಕೊಡಬೇಕು.
4. ಬೆದರಿಕೆ, ಅವಾಚ್ಯ ಮಾತು, ವಸ್ತು ಎತ್ತಿಕೊಂಡು ಹೋಗುವುದು ನಡೆದರೆ ಸಾಲ ಕೊಟ್ಟವರು ಯಾರೇ ಆಗಿರಲಿ, ಅದೇ ದಿನ ಪೊಲೀಸ್ ಠಾಣೆಗೆ ಹೋಗಬೇಕು. ತಾರೀಖು, ಹೊತ್ತು, ಕಂಡವರ ಹೆಸರು ಬರೆದಿಟ್ಟಿರಬೇಕು.
5. ಖಾಲಿ ಚೆಕ್ಕು, ಖಾಲಿ ಬಾಂಡ್ ಪೇಪರಿಗೆ ಸಹಿ ಮಾಡಬಾರದು. ಸಾಲದ ಜೊತೆ ವಿಮೆಯ ಹೆಸರಿನಲ್ಲಿ ಹಣ ಮುರಿದುಕೊಂಡಿದ್ದರೆ ಪಾಲಿಸಿಯ ಪ್ರತಿ ಕೇಳಬೇಕು.

ಠೇವಣಿ ಇಡುವವರಿಗೂ ಒಂದು ಎಚ್ಚರಿಕೆ ಅಗತ್ಯ. ಬ್ಯಾಂಕ್ ಮುಳುಗಿದರೆ ಠೇವಣಿದಾರರೊಬ್ಬರಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಡಿಸಿಸಿ ಬ್ಯಾಂಕು, ಪಟ್ಟಣ ಸಹಕಾರ ಬ್ಯಾಂಕುಗಳೂ ಇದರಲ್ಲಿ ಸೇರಿವೆ. ಊರಿನ ಪತ್ತಿನ ಸಂಘಕ್ಕೂ ಸೌಹಾರ್ದ ಸಹಕಾರಿಗೂ ಈ ವಿಮೆ ಇಲ್ಲ. ಅರ್ಧ, ಒಂದು ಶೇಕಡಾ ಹೆಚ್ಚಿನ ಬಡ್ಡಿಗೆ ಕಾಫಿ ಮಾರಿದ ಹಣವನ್ನೆಲ್ಲ ಒಂದೇ ಕಡೆ ಇಡುವ ಮುನ್ನ ಇದನ್ನು ಯೋಚಿಸಲೇಬೇಕು. ಠೇವಣಿ ಪಡೆದು ವಂಚಿಸಿದ ಸಂಸ್ಥೆಯ ಆಸ್ತಿ ಜಪ್ತಿ ಮಾಡಿ ಹಣ ಹಂಚಲು 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆ ಇದೆ. ಆದರೆ ಆ ದಾರಿ ಉದ್ದದ್ದು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಮೂಲ ದಾಖಲೆಯನ್ನೇ ಕಚೇರಿಗೆ ಕೊಟ್ಟು ಬರುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಕೊಡಬೇಕಾದದ್ದು ಜೆರಾಕ್ಸ್ ಪ್ರತಿ. ಅರ್ಜಿಯನ್ನು ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿ ತರಬೇಕು. ಸೀಲು ಹಾಕಲು ಒಪ್ಪದಿದ್ದರೆ ಅದೇ ಅರ್ಜಿಯನ್ನು ಅಂಚೆಯಲ್ಲಿ ರಿಜಿಸ್ಟರ್ ಮಾಡಿ ಕಳಿಸಿದರೆ ರಸೀದಿಯೇ ಪುರಾವೆ. ಅರ್ಜಿ ತಿರಸ್ಕರಿಸಿದರೆ ಬಾಯಿಮಾತಿನ ಉತ್ತರ ಪಡೆದು ಹಿಂತಿರುಗಬಾರದು, ಹಿಂಬರಹ ಕೇಳಬೇಕು. ಹಿಂಬರಹ ಇಲ್ಲದೆ ಮೇಲ್ಮನವಿಗೆ ಆಧಾರ ಇರುವುದಿಲ್ಲ.

ಒಂದೇ ಅರ್ಜಿಯಲ್ಲಿ ರಸ್ತೆ, ನೀರು, ಕರೆಂಟು ಎಲ್ಲ ಬರೆಯುವುದೂ ಕೆಲಸ ಕೆಡಿಸುತ್ತದೆ. ಒಂದು ಅರ್ಜಿಗೆ ಒಂದು ವಿಷಯ, ಜೊತೆಗೆ ಆರ್‌ಆರ್ ಸಂಖ್ಯೆ ಅಥವಾ ಖಾತೆ ಸಂಖ್ಯೆ, ಏನಾಗಬೇಕು ಎಂಬ ಸ್ಪಷ್ಟ ಬೇಡಿಕೆ ಇದ್ದರೆ ಸಾಕು. ಮಧ್ಯವರ್ತಿಗೆ ಹಣ ಕೊಡುವ ಅಗತ್ಯ ಮೇಲೆ ಹೇಳಿದ ಯಾವ ದೂರಿಗೂ ಇಲ್ಲ.

ತಡ ಮಾಡುವುದು ಇನ್ನೊಂದು ತಪ್ಪು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ತೊಂದರೆಯಾದ ದಿನದಿಂದ 2 ವರ್ಷದೊಳಗೆ ಹೋಗಬೇಕು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿವರೆಗಿದ್ದರೆ ಅಲ್ಲಿ ಶುಲ್ಕವಿಲ್ಲ.

ಯಾವುದೂ ಫಲ ಕೊಡದಿದ್ದರೆ

ವಿದ್ಯುತ್, ಆಸ್ಪತ್ರೆ ಮತ್ತು ವಿಮೆ ಸೇವೆಗಳ ವ್ಯಾಜ್ಯಕ್ಕೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಖಾಯಂ ಜನತಾ ನ್ಯಾಯಾಲಯ ಇದೆ. ಅಲ್ಲಿ ನ್ಯಾಯಾಲಯ ಶುಲ್ಕವಿಲ್ಲ, 1 ಕೋಟಿ ರೂಪಾಯಿವರೆಗಿನ ವ್ಯಾಜ್ಯ ತೆಗೆದುಕೊಳ್ಳುತ್ತಾರೆ. ಸಾಮಾನ್ಯ ಲೋಕ ಅದಾಲತ್‌ನಲ್ಲಿ ಇಬ್ಬರೂ ಒಪ್ಪದಿದ್ದರೆ ಪ್ರಕರಣ ಅಲ್ಲಿಗೇ ನಿಲ್ಲುತ್ತದೆ. ಖಾಯಂ ನ್ಯಾಯಾಲಯ ಮೊದಲು ರಾಜಿಗೆ ಪ್ರಯತ್ನಿಸಿ, ಆಗದಿದ್ದರೆ ತಾನೇ ತೀರ್ಪು ಕೊಡಬಲ್ಲದು.

ಅರ್ಜಿ ಬರೆಯಲು, ವಕೀಲರನ್ನು ಪಡೆಯಲು ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಸಮಿತಿಯನ್ನು ಕಾಣಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ನಿಗದಿತ ಮಿತಿಗಿಂತ ಕಡಿಮೆ ಆದಾಯದವರಿಗೆ ಈ ನೆರವು ಉಚಿತ. ಸಹಾಯವಾಣಿ 15100. ಖಾಯಂ ಜನತಾ ನ್ಯಾಯಾಲಯಕ್ಕೆ ಅರ್ಜಿ ಹಾಕಿದ ಮೇಲೆ ಅದೇ ವ್ಯಾಜ್ಯಕ್ಕೆ ಬೇರೆ ನ್ಯಾಯಾಲಯಕ್ಕೆ ಹೋಗುವಂತಿಲ್ಲ, ಅದರ ತೀರ್ಪಿನ ಮೇಲೆ ಸಾಮಾನ್ಯ ಮೇಲ್ಮನವಿಯೂ ಇಲ್ಲ. ಆದ್ದರಿಂದ ಅಲ್ಲಿಗೆ ಹೋಗುವುದೋ ಗ್ರಾಹಕರ ಆಯೋಗಕ್ಕೆ ಹೋಗುವುದೋ ಎಂಬುದನ್ನು ಅರ್ಜಿಗೆ ಸಹಿ ಹಾಕುವ ಮೊದಲೇ ಸಮಿತಿಯ ವಕೀಲರಲ್ಲಿ ಕೇಳಿ ತೀರ್ಮಾನಿಸಬೇಕು.